ಬಾಗಿಲು ತೆಗೆಯದ ಓವನ್

ಹೆತ್ತೂರು,
೧೬ ಡಿಸೆಂಬರ್ ೨೦೦೧

ಪ್ರೀತಿಯ ಜಗದಾಂಬಳಿಗೆ,

ನಾನು ಚೆನ್ನಾಗಿದ್ದೇನೆ. ನಿನ್ನ ಮಂಡಿನೋವು ಹೇಗಿದೆ? ಮೈಸೂರಿನ ನೀರು ಈಗಲಾದರೂ ಒಗ್ಗಿತೇ? ಮೊಮ್ಮಗ ಬೋರಲು ಬೀಳುತ್ತಾನಾ? ಬಾಣಂತನ ಮುಗಿದರೂ ಮಗುವಿನ ವರ್ಷದ ಹುಟ್ಟುಹಬ್ಬದವರೆಗೆ ಅಮ್ಮ ಇಲ್ಲೇ ಇರಲಿ, ನಾನು ಕೆಲಸಕ್ಕೆ ಹೋಗಬೇಕು ಎಂದು ವಾಣಿ ಬರೆದಿದ್ದಳು. ಆಗಲಿ ಎಂದು ನಾನೂ ಉತ್ತರ ಹಾಕಿದೆ. ಈ ಕಾಗದವನ್ನೂ ಅವಳೇ ನಿನಗೆ ಓದಿ ಹೇಳುತ್ತಾಳೆ, ಆದ್ದರಿಂದ ನೋಡಿಕೊಂಡು ಬರೆಯುತ್ತಿದ್ದೇನೆ.

ಇಲ್ಲಿಯ ಸುದ್ದಿ ಎಂದರೆ ನಿನ್ನ ಓವನ್ನಿನದೇ. ತೋಟದ ಧಣಿಗಳ ತಂಗಿ ವಿದೇಶದಿಂದ ಹಡಗಿನಲ್ಲಿ ಕಳಿಸಿದ ಆ ದೊಡ್ಡ ಕರೆಂಟ್ ಒಲೆಯ ತಿರುಗಿಸುವ ಗುಂಡಿಯ ಸುತ್ತ ನೀನು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಬೊಟ್ಟು ಇಟ್ಟಿದ್ದೆಯಲ್ಲ, ಬಿಸಿಗೆ ಒಂದು, ಬ್ರೆಡ್ಡಿಗೆ ಒಂದು, ಕೋಳಿಗೆ ಒಂದು ಅಂತ. ಆಯುಧಪೂಜೆಗೆ ಜೀಪು ತೊಳೆದ ಉಮೇದಿನಲ್ಲಿ ಬಂಗಲೆಯ ಅಡುಗೆಮನೆಯನ್ನೂ ತಿಕ್ಕಿಬಿಟ್ಟೆ. ಒಲೆ ಫಳಫಳ ಅಂದಿತು, ಬೊಟ್ಟುಗಳೂ ಹೋದವು. ಅದಕ್ಕೇನಂತೆ ಎಂದು ವಿಭೂತಿ ಎಳೆದು, ಚೆಂದ ಕಂಡ ಕಡೆ ಹೊಸದಾಗಿ ಬೊಟ್ಟು ಇಟ್ಟೆ. ನಗಬೇಡ ಮಾರಾಯ್ತಿ. ಇಂಗ್ಲಿಷ್ ಓದಲು ನಿನಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಅವುಗಳಲ್ಲಿ ಒಂದು ಬೊಟ್ಟು ಒಲೆ ತನ್ನನ್ನು ತಾನೇ ಸುಟ್ಟು ಶುಚಿಮಾಡಿಕೊಳ್ಳುವ ಜಾಗದ ಮೇಲೆ ಕೂತಿತ್ತು. ಧಣಿಗಳ ಮನೆಯವರೆಲ್ಲ ಬೆಂಗಳೂರಿಗೆ ಹೋಗಿದ್ದರಿಂದ ಇಷ್ಟು ದಿನ ಯಾರೂ ಅದರ ತಂಟೆಗೆ ಹೋಗಿರಲಿಲ್ಲ.

ನೀನು ಹೋಗುವಾಗ ಮಾಡಿಟ್ಟ ಸಂಡಿಗೆ ನೆನಪಿದೆಯಲ್ಲ? ಮುಗಿದುಹೋಗುತ್ತದೆ ಎಂದು ಜೋಪಾನವಾಗಿ ಕರಿದುಕೊಳ್ಳುತ್ತಿದ್ದೆ. ಉಳಿದವು ಇಬ್ಬನಿಯ ಥಂಡಿಗೆ ಮೆತ್ತಗಾಗಿದ್ದವು. ನೀನು ಮಾಡುವ ಹಾಗೆ ಸ್ವಲ್ಪ ಬಿಸಿಗೆ ಇಟ್ಟು ಗರಿಯಾಗಿಸೋಣ ಎಂದು ಓವನ್ನಿನೊಳಗಿಟ್ಟು ಗುಂಡಿಯನ್ನು ಬಿಸಿಯದು ಎಂದುಕೊಂಡ ಬೊಟ್ಟಿಗೆ ತಿರುಗಿಸಿದೆ. ಬಾಗಿಲು ತಾನಾಗಿಯೇ ಬೀಗ ಹಾಕಿಕೊಂಡಿತು. ಒಳಗೆ ಸುಣ್ಣದ ಗೂಡಿನಷ್ಟು ಕಾವು! ಹೊಗೆ ಎದ್ದಿತು. ಓಡಿಹೋಗಿ ಮೇನ್ ಸ್ವಿಚ್ ಆರಿಸಿದೆ. ಬೆಳಿಗ್ಗೆ ಒಲೆ ತಣ್ಣಗಾಗಿತ್ತು, ಬಾಗಿಲು ಮಾತ್ರ ಜಪ್ಪಯ್ಯ ಅಂದರೂ ತೆಗೆಯಲಿಲ್ಲ. ಎಳೆದೆ, ಮೊಣಕಾಲಿನಿಂದ ಒತ್ತಿದೆ, ಕೊನೆಗೆ ಜೀಪಿನ ಸ್ಕ್ರೂಡ್ರೈವರ್ ತಂದೆ. ಅಷ್ಟರಲ್ಲಿ ಅಮ್ಮಾವ್ರು ಬೆಂಗಳೂರಿನಿಂದ ಬಂದಿಳಿದರು. "ಗಾಜು ಒಡೆದುಹಾಕ್ತೀಯ, ಬಿಡೋ ಅದನ್ನ! ಜಗದಾಂಬ ಇದ್ದಿದ್ರೆ ಹಿಂಗಾಗ್ತಿತ್ತಾ ಕೃಷ್ಣಪ್ಪ?" ಎಂದರು. ಆಗುತ್ತಿರಲಿಲ್ಲ. ನನಗದು ಗೊತ್ತಿಲ್ಲವೇ?

ಸಕಲೇಶಪುರದಿಂದ ಫ್ರಿಜ್ಜು ಮಿಕ್ಸಿ ರಿಪೇರಿಯ ಅಫ್ರೋಜ್‌ನನ್ನು ಕರೆತಂದೆ. ಬಾಗಿಲ ಬೀಗಕ್ಕೆ ಒಂದು ಪುಟ್ಟ ಮೋಟರ್ ಇದೆಯಂತೆ. ಕೆಲಸದ ನಡುವೆ ಕರೆಂಟ್ ಹೋದರೆ ಅದು ಇದ್ದಲ್ಲೇ ನಿಂತುಬಿಡುತ್ತದಂತೆ. ಗುಂಡಿಯನ್ನು ಮತ್ತೆ ಅದೇ ಜಾಗಕ್ಕೆ ಒಯ್ದು, ಹಿಂದಕ್ಕೆ ತಂದು ನಿಲ್ಲಿಸಿ ಕಾದರೆ ಮೋಟರ್ ತಿರುಗಿ ಬೀಗ ಬಿಡಬೇಕು. ಅವನು ಹಾಗೇ ಮಾಡಿದ. ಒಳಗೆ ಗುಂಯ್ ಎಂದಿತೇ ಹೊರತು ತಿರುಗಲಿಲ್ಲ. ಅವನು ತಲೆಯ ಮೇಲಿನ ಬಲ್ಬು ನೋಡಿದ. ಅದು ಕಾಯಿಲೆಯವರ ಕಣ್ಣಿನ ಹಾಗೆ ಮಂಕಾಗಿತ್ತು. "ಒಲೆಗೇನೂ ಆಗಿಲ್ಲ ಕಣಣ್ಣ. ಹಣ್ಣಿನ ಸೀಸನ್ನಲ್ವಾ, ನಿಮ್ ಪಲ್ಪರ್ ಕರೆಂಟೆಲ್ಲ ಕುಡ್ಕೊಂಡ್ಬುಟ್ಟೈತೆ. ಸಂತೆ ದಿನ ಮಿಷನ್ ನಿಲ್ಲಿಸ್ತೀರಲ್ಲ, ಆವತ್ತು ಹಿಂಗೇ ತಿರುಗ್ಸಿ ನೋಡು," ಎಂದು ಹೇಳಿ ಕಾಫಿ ಕುಡಿದು ಹೋದ.

ಸಂತೆಯ ದಿನ ಬಂತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರದ ಗದ್ದಲಕ್ಕೆ ನಾನೆಷ್ಟು ಒಗ್ಗಿಹೋಗಿದ್ದೆ ಎಂದು ಅದು ನಿಂತಾಗಲೇ ಗೊತ್ತಾಗಿದ್ದು. ಕೂಲಿ ಲೈನಿನವರೆಲ್ಲ ಹೆತ್ತೂರು ಸಂತೆಗೆ ಹೋಗಿದ್ದರು. ಅಮ್ಮಾವ್ರನ್ನು ವನಗೂರಿನ ನೆಂಟರ ಮನೆಗೆ ಬಿಟ್ಟು ಬಂದಿದ್ದೆ. ಬೇರೆ ವರ್ಷಗಳಲ್ಲಿ ಆ ದಿನ ನೀನು ಚೀಲ ಹಿಡಿದು ಜೀಪಿನ ಪಕ್ಕ ನಿಂತು, ಹೊರಡಿ ಹೊರಡಿ ಎಂದು ನನ್ನ ಜೀವ ತಿನ್ನುತ್ತಿದ್ದೆ. ಈ ಸಲ ಅವಸರ ಮಾಡುವವರೇ ಇರಲಿಲ್ಲ. ಅಡುಗೆಮನೆಗೆ ಹೋಗಿ ದೀಪ ಹಾಕಿದೆ, ಪೂರ್ತಿ ಬೆಳಕು ಬಂತು. ಗುಂಡಿ ತಿರುಗಿಸಿ ನಿಲ್ಲಿಸಿ ಕಾದೆ. ಟಕ್ ಎಂದಿತು. ಬಾಗಿಲು ಬೆರಳಿಗೇ ತೆಗೆದುಕೊಂಡಿತು.

"ಜಗದಾ, ತೆಗೀತು ಕಣೇ!" ಎಂದು ಕೂಗಿಬಿಟ್ಟೆ.

ಯಾರೂ ಓ ಎನ್ನಲಿಲ್ಲ. ಒಳಗೆ ನಿನ್ನ ಸಂಡಿಗೆ ಬೂದಿಯಾಗಿ ಬಿದ್ದಿತ್ತು. ಬಟ್ಟೆಯಲ್ಲಿ ಅದನ್ನು ಒರೆಸುವಾಗ ನನಗೆ ಅಳು ಬಂತು. ಇಷ್ಟು ವಯಸ್ಸಾದವನು ಸಂಡಿಗೆಗೆ ಅತ್ತ ಎಂದು ಅಳಿಯಂದಿರ ಮುಂದೆ ಹೇಳಬೇಡಿ.

ಈಗ ಒಲೆ ಸರಿಯಿದೆ. ಧಣಿಗಳ ಅತಿಥಿಗಳಿಗೆ ಅಮ್ಮಾವ್ರೇ ಕೋಳಿ ಬೇಯಿಸಿದರು, ಉಪ್ಪು ಕಡಿಮೆಯಾಗಿತ್ತು. ನಿನ್ನ ಕೋಳಿಗಳಿಗೆ ಕಾಳು ಹಾಕುತ್ತಿದ್ದೇನೆ. ಇಲ್ಲಿ ಯಾವುದಕ್ಕೂ ತೊಂದರೆಯಿಲ್ಲ, ನೀನು ನಿಶ್ಚಿಂತೆಯಿಂದ ಇರು. ಮಗುವಿಗೆ ತಾತನ ಮುತ್ತು. ವಾಣಿಗೂ ಅಳಿಯಂದಿರು ಯೋಗೇಶ್ ಅವರಿಗೂ ನನ್ನ ಆಶೀರ್ವಾದ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ.

ಇಂತಿ ನಿನ್ನ,
ಕೃಷ್ಣಪ್ಪ

ಮರೆತಿದ್ದೆ: ವಾಣೀ, ಇಷ್ಟನ್ನು ನೀನೊಬ್ಬಳೇ ಓದಿಕೊ. ತೋಟದ ಲೆಕ್ಕ ಬರೆಯುವ ರೈಟರ್ ಟಪಾಲು ಒಯ್ಯಲು ಬಾಗಿಲಲ್ಲೇ ನಿಂತಿದ್ದಾರೆ. ಆಗಲಿ ಎಂದು ಬರೆದೆನಲ್ಲ, ಅದು ಬಾಯಿಮಾತು ಮಗಳೇ. ನನ್ನ ಕೈಲಿ ಆಗುತ್ತಿಲ್ಲ. ನಿನಗೆ ಕಷ್ಟವಾಗುತ್ತದೆ, ಗೊತ್ತು. ನಿಮ್ಮತ್ತೆ ಬಂದಿರುತ್ತೇನೆ ಎಂದಿದ್ದರಲ್ಲ, ಒಂದು ಮಾತು ಕೇಳಿ ನೋಡು. ಬಾಗಿಲು ಇನ್ನೂ ತೆಗೆದಿಲ್ಲ, ಅತಿಥಿಗಳು ಉಪವಾಸ ಎಂದು ಬರೆಯೋಣ ಅಂತಿದ್ದೆ. ಹಾಗೆಂದರೆ ನಿಮ್ಮಮ್ಮ ಮರುದಿನವೇ ಬಸ್ಸು ಹತ್ತುತ್ತಾಳೆ. ಆದರೆ ಒಲೆಗೋಸ್ಕರ ಬರುವುದು ಬೇಡ, ನನಗೋಸ್ಕರ ಬರಲಿ. ನೀನೊಬ್ಬಳೇ ಓದಿಕೊ ಎಂದಿದ್ದೂ ಬೇಡ. ಅವಳಿಗೆ ಕೇಳುವ ಹಾಗೆ ಓದು.