ಹದಿಮೂರು ಕಂದು ಗೆರೆಗಳು

ಮಾರ್ಚ್ 14, 1998, ಶನಿವಾರ

ಅಳಿಯ ಬಾಲ್ತಸಾರ್ ಬೆಳಿಗ್ಗೆ ನಕ್ಕದ್ದು ಮಧ್ಯಾಹ್ನದವರೆಗೂ ಚುಚ್ಚುತ್ತಲೇ ಇತ್ತು. ಹುಡುಗಿಯಾಗಿದ್ದಾಗ ಅಮ್ಮನ ಜೊತೆ ದಿನಕ್ಕೆರಡು ಸಲ ಐನೂರು ಅಡಿ ಗುಡ್ಡ ಹತ್ತಿ ಒರತೆಯಿಂದ ನೀರು ತರುತ್ತಿದ್ದೆ ಎಂದದ್ದಕ್ಕೆ, "ಅತ್ತೆ, ಆ ಗುಡ್ಡ ವರ್ಷವರ್ಷಕ್ಕೂ ಬೆಳೀತಾ ಇದೆಯಲ್ಲ!" ಎಂದ.

ಮಧ್ಯಾಹ್ನ ಮೊಮ್ಮಗಳು ನೊಯೆಮಿ ಲೈಬ್ರರಿಯಿಂದ ನಮ್ಮ ಕಣಿವೆಯ 1941ರ ಸರ್ಕಾರಿ ನಕ್ಷೆಯ ಪ್ರತಿ ತಂದಳು. ಹುರುಳಿಕಾಳಿನ ಪಾತ್ರೆ ಸರಿಸಿ ಮೇಜಿನ ಮೇಲೆ ಹರಡಿದೆವು. ನಮ್ಮ ಮಣ್ಣಿನ ಮನೆ ಒಂದು ಕಪ್ಪು ಚೌಕ, ಒರತೆ ಒಂದು ನೀಲಿ ಚುಕ್ಕೆ. ನಡುವೆ ಗುಡ್ಡದ ಏರು ತೋರಿಸುವ ಕಂದು ಗೆರೆಗಳು. ಗೆರೆಯಿಂದ ಗೆರೆಗೆ ನಲವತ್ತು ಅಡಿ ಎಂದು ಕೆಳಗೇ ಬರೆದಿತ್ತು.

"ನೀನೇ ಎಣಿಸಪ್ಪಾ," ಎಂದೆ ಅಳಿಯನಿಗೆ. ಮನೆ ಕೂತ ಗೆರೆ ಬಿಟ್ಟು ಒರತೆ ಕೂತ ಗೆರೆಯವರೆಗೆ, ಪೆನ್ಸಿಲ್ ತುದಿಯಿಟ್ಟು ಎರಡೆರಡು ಸಲ ಎಣಿಸಿದ. ಹದಿಮೂರು.

"ಐನೂರ ಇಪ್ಪತ್ತು! ಇಷ್ಟು ವರ್ಷ ಇಪ್ಪತ್ತಡಿ ಕಮ್ಮೀನೇ ಹೇಳಿದ್ದೀಯಲ್ಲಜ್ಜೀ!" ಎಂದು ನೊಯೆಮಿ ಕುಣಿದಳು.

"ಬಡಾಯಿ ಕೊಚ್ಚೋದು ನಮ್ಮನೇಲಿ ಇಲ್ಲಮ್ಮ," ಎಂದೆ, ನಗು ತೋರಿಸದೆ.

ಆಮೇಲೆ ಕಂಡದ್ದನ್ನು ಇಲ್ಲಿ ಮಾತ್ರ ಬರೆಯುತ್ತೇನೆ. ಚೌಕದಿಂದ ಚುಕ್ಕೆಯವರೆಗೆ ತುಂಡು ತುಂಡು ಗೆರೆಯ ಕಾಲುದಾರಿಯೊಂದಿದೆ. ಆ ದಾರಿಯಲ್ಲಿ ಓಡಾಡಿದವರು ಅಮ್ಮ ಮತ್ತು ನಾನು, ಇಬ್ಬರೇ. ಅಮ್ಮನ ಹೆಸರು ಯಾವ ಸರ್ಕಾರಿ ಕಾಗದದಲ್ಲೂ ಇಲ್ಲ, ಅವಳ ಹೆಜ್ಜೆ ಇದೆ.

ನಾಳೆ ಪ್ರಾರ್ಥನೆ ಮುಗಿದ ಮೇಲೆ, ನಕ್ಕ ತಪ್ಪಿಗೆ, ಬಾಲ್ತಸಾರ್ ಎರಡು ಬಕೆಟ್ ಹಿಡಿದು ಆ ಗುಡ್ಡ ಹತ್ತುತ್ತಾನೆ. ನಾನು ಮುಂದೆ ನಡೆಯುತ್ತೇನೆ, ಮಂಡಿ ಏನಾದರೂ ಅನ್ನಲಿ. ಅಮ್ಮ ಮೊದಲ ತಿರುವಿನಲ್ಲಿ ಯಾವಾಗಲೂ ಎಡಗಾಲು ಮುಂದಿಡುತ್ತಿದ್ದಳು, ನಾನೂ ಹಾಗೇ ಇಡುತ್ತೇನೆ.