ಇಬ್ಬರಲ್ಲಿ ಒಬ್ಬರು

ಮಾರ್ಚ್ 11, ಬುಧವಾರ

ಚಿರಂಜೀವಿ ಗಿಣಿಗೆ,

ನಿನ್ನ ಅಮ್ಮನ ಆಶೀರ್ವಾದ. ಬರೆಯುತ್ತಿರುವವಳು ಯಾರು ಅಂತ ಮೊದಲು ಜ್ಞಾಪಿಸುತ್ತೇನೆ, ಯಾಕೆಂದರೆ ನಿನ್ನ ಕಾಗದ ನೋಡಿದರೆ ಅದು ನಿನಗೆ ಮರೆತ ಹಾಗಿದೆ. ಈ ಕೋಳಿಮರಿ ಹ್ಯಾಚರಿಯ ಯಜಮಾನಿ ನಾನು. ನನ್ನ ಚಪ್ಪಲಿ ಸದ್ದು ಕೇಳಿದರೆ ಹದಿನಾರು ಜನ ಕೆಲಸಗಾರರು ಮಾತು ನಿಲ್ಲಿಸುತ್ತಾರೆ. ಹೈಸ್ಕೂಲು ಮುಗಿಸಿದ ಹುಡುಗಿ ಅಂತ ಈ ಮನೆಗೆ ಬಂದೆ. ಮೂರನೇ ವರ್ಷಕ್ಕೇ ಮಾವನವರು ಕಾವಿನ ಕೋಣೆಯ ಬೀಗದ ಕೈ ನನ್ನ ಕೈಗೆ ಕೊಟ್ಟರು. ಮೂರು ಮಕ್ಕಳನ್ನು ಸಾಕಿದೆ, ನಿಮ್ಮಪ್ಪನನ್ನೂ ಸೇರಿಸಿದರೆ ನಾಲ್ಕು. ನಲವತ್ತೆರಡು ವರ್ಷದಿಂದ ಯಾವ ದೇವರ ಮುಂದೂ ಕೈ ಜೋಡಿಸಿಲ್ಲ. ಅದು ಊರಿಗೆಲ್ಲ ಗೊತ್ತು, ನನಗೆ ಅದರ ಬಗ್ಗೆ ಜಂಬವೂ ಇದೆ.

ಉತ್ತರ ಬರೆಯಲು ಹನ್ನೆರಡು ದಿನ ಆಯಿತು. ಕೆಲಸ ಜಾಸ್ತಿ ಇತ್ತು ಅಂತ ಸುಳ್ಳು ಹೇಳಬಹುದಿತ್ತು. ಹೇಳುವುದಿಲ್ಲ. ದಿನಾ ಕೂತೆ, ‘ಇಲ್ಲಿ ಎಲ್ಲರೂ ಕ್ಷೇಮ’ ಅಂತ ಒಂದು ಸಾಲು ಬರೆದೆ, ಎದ್ದೆ. ಕ್ಷಮಿಸು. ಈ ಮಾತನ್ನು ನಾನು ನಿನಗೆ ಬರೆಯುತ್ತಿರುವುದು ಇದೇ ಮೊದಲು.

ನಿಮ್ಮಪ್ಪ ಚೆನ್ನಾಗಿದ್ದಾರೆ. ನಿನ್ನ ಎದೆಯ ಆಪರೇಷನ್ ಬರುವ ಸೋಮವಾರ ಅಂತ ತಿಳಿದಾಗಿನಿಂದ ಕಂಡ ಕಂಡ ದೇವರಿಗೆಲ್ಲ ಅರ್ಜಿ ಹಾಕುತ್ತಿದ್ದಾರೆ. “ಅಷ್ಟು ಜನರಲ್ಲಿ ಒಬ್ಬರಿಗಾದ್ರೂ ಕೇಳಿಸದೆ ಇರುತ್ತಾ?” ಅಂದರು. “ಎಲ್ಲರೂ ಒಟ್ಟಿಗೆ ಬಂದುಬಿಟ್ರೆ ಕೂರಿಸೋಕೆ ಮನೇಲಿ ಕುರ್ಚಿ ಎಲ್ಲಿದೆ?” ಅಂದೆ. “ನಿನ್ನ ಬಾಯಿಗೆ ಹೆದರಿ ಯಾರೂ ಬರಲ್ಲ ಬಿಡು” ಅಂದರು. ಆಮೇಲೆ ಇಬ್ಬರಿಗೂ ಊಟ ಸೇರಲಿಲ್ಲ.

ಇನ್ನು ನಿನ್ನ ಕಾಗದ. ವಿಮಾ ಕಂಪನಿಯಲ್ಲಿ ಯಾರು ಎಷ್ಟು ವರ್ಷ ಬಾಳುತ್ತಾರೆ ಅಂತ ಲೆಕ್ಕ ಹಾಕುವ ಮಗಳು ಅಮ್ಮನಿಗೂ ಲೆಕ್ಕವನ್ನೇ ಬರೆದಿದ್ದೀಯ. ದೇವರು ಇದ್ದಾನೋ ಇಲ್ಲವೋ ಗೊತ್ತಿಲ್ಲ. ಇದ್ದರೆ, ಕೇಳಿದ್ದಕ್ಕೆ ಲಾಭ. ಇಲ್ಲದಿದ್ದರೆ ಹೋಗುವುದು ಎರಡು ನಿಮಿಷ. ಆದ್ದರಿಂದ ‘ಒಂದೇ ಒಂದು ಸಲ ನನಗೋಸ್ಕರ ಕೇಳಮ್ಮಾ, ಆಗದಿದ್ದರೆ ಯಾಕೆ ಆಗದು ಅಂತಲಾದರೂ ಹೇಳು’ ಅಂತ.

ಕೊನೆಯಲ್ಲಿ ನನಗೆ ಧೈರ್ಯ ಹೇಳಲು ಇನ್ನೊಂದು ಮಾತು ಸೇರಿಸಿದ್ದೀಯ. ಡಾಕ್ಟರು ನೂರಕ್ಕೆ ಐವತ್ತು ಅಂದಿದ್ದಾರೆ; ಪಕ್ಕದ ಹಾಸಿಗೆಯ ಹೆಂಗಸು ಅದೇ ಆಪರೇಷನ್ ಆಗಿ ಉಳಿದು ಮನೆಗೆ ಹೋದಳು. ‘ಅವಳು ಉಳಿದಳು, ಇನ್ನು ನನ್ನ ಮಗಳ ಸರದಿ ಅಂತ ಹೆದರಬೇಡ. ಐವತ್ತು ಅಂದರೆ ಇಬ್ಬರಲ್ಲಿ ಒಬ್ಬರು ಹೋಗಲೇಬೇಕು ಅಂತಲ್ಲ. ಇಬ್ಬರೂ ಉಳಿಯಬಹುದು. ಅವಳ ಪಾಡು ಅವಳದು, ನನ್ನದು ನನ್ನದು.’ ಬೇರೆ ಯಾವ ಸಾಲಿಗೂ ಅಲ್ಲ, ಈ ಸಾಲಿಗೇ ನನಗೆ ಹನ್ನೆರಡು ದಿನ ಬೇಕಾಯಿತು.

ಎರಡು ನಿಮಿಷ ಅಂತೀಯಲ್ಲ, ಅದು ತಪ್ಪು. ಏಳನೇ ದಿನ ನಾವು ಮೊಟ್ಟೆಗಳನ್ನು ಕತ್ತಲ ಕೋಣೆಯಲ್ಲಿ ದೀಪಕ್ಕೆ ಹಿಡಿದು ನೋಡುವುದನ್ನು ನೀನು ಕಂಡಿದ್ದೀಯ. ಜೀವ ಇದ್ದದ್ದರಲ್ಲಿ ಕೆಂಪು ನರಗಳ ಬಲೆ, ಇಲ್ಲದ್ದರಲ್ಲಿ ಬರೀ ಬೆಳಕು. ಕೆಲವು ಎರಡೂ ಅಲ್ಲ, ಮಬ್ಬು. ಅವನ್ನು ಎಸೆಯಲು ಮನಸ್ಸು ಬಾರದೆ ಮತ್ತೆ ಕಾವಿಗೆ ಇಡುತ್ತೇವೆ. ಮರಿಯಾದರೆ ಸರಿ. ಸತ್ತದ್ದಾಗಿದ್ದರೆ ಕೊಳೆತು, ಸಿಡಿದು, ಸುತ್ತಲಿನ ಇಪ್ಪತ್ತನ್ನೂ ಕೆಡಿಸುತ್ತದೆ. ಅನುಮಾನದ ಮೊಟ್ಟೆಗೆ ಕಾವು ಕೊಡುವುದು ಪುಕ್ಕಟೆ ಅಂತ ನನ್ನ ಹತ್ತಿರ ಯಾರೂ ಹೇಳಕೂಡದು. ದೇವರನ್ನು ಕೇಳುವುದೂ ಹಾಗೆಯೇ. ಕೇಳಿದೆ ಅಂದರೆ ಕೇಳಿಸಿಕೊಳ್ಳುವವನೊಬ್ಬ ಇದ್ದಾನೆ ಅಂತ ಒಪ್ಪಿದ ಹಾಗಾಯಿತು. ಇವತ್ತಿನ ಮಾತು ಕೇಳಿಸಿಕೊಳ್ಳುವವನು ಹಿಂದೆ ಆಡಿದ್ದನ್ನೂ ಕೇಳಿಸಿಕೊಂಡೇ ಇರುತ್ತಾನೆ. ಆ ಖರ್ಚನ್ನು ನೀನು ಹಿಡಿದಿಲ್ಲ.

ನಂಬದವಳು ಅಂತ ಹೇಳಿಕೊಂಡು ಬಂದೆ, ನಿಜ. ಆದರೆ ಆ ಕೆಂಪು ಬಲೆಯ ನಡುವೆ ಮಿಡಿಯುವ ಚುಕ್ಕೆ ಕಂಡಾಗಲೆಲ್ಲ ಮೊಟ್ಟೆಯನ್ನು ಕೆಳಗಿಡುವುದೇ ಮರೆತುಹೋಗುತ್ತದೆ. ಏಳು ದಿನದ ಹಿಂದೆ ಅದು ಬರೀ ಲೋಳೆ. ನಾವು ಕೊಟ್ಟದ್ದು ಕಾವು, ಬೇರೇನೂ ಅಲ್ಲ. ‘ಶುರು ಮಾಡು’ ಅಂತ ಅದಕ್ಕೆ ಹೇಳಿದವರು ಯಾರು? ಬಿಸಿ ಅನ್ನುತ್ತಾರೆ. ಬಿಸಿಯನ್ನು ಕಲ್ಲಿಗೆ ಕೊಟ್ಟು ನೋಡಲಿ. ಮೊನ್ನೆ ಕೆಲಸದ ಹೆಂಗಸರನ್ನು ಹೊರಗೆ ಕಳಿಸಿ, ಒಬ್ಬಳೇ ನಿಂತು ಮುನ್ನೂರು ಮೊಟ್ಟೆ ನೋಡಿದೆ. ಒಂದಾದ ಮೇಲೆ ಒಂದು ಮುನ್ನೂರು ಗುಂಡಿಗೆ, ಒಂದೊಂದೂ ತನ್ನ ಪಾಡಿಗೆ ತಾನು, ನನ್ನ ಎರಡು ಬೆರಳ ನಡುವೆ. ಹಾಗಾದರೆ ನಂಬುತ್ತೀಯಾ ಅಂತ ಕೇಳಿದರೆ, ಗೊತ್ತಿಲ್ಲ ಗಿಣಿ. ಗೊತ್ತಿಲ್ಲ ಅನ್ನುವುದು ಇಷ್ಟು ದೊಡ್ಡ ಮಾತು ಅಂತ ನನಗೆ ಈವರೆಗೆ ಗೊತ್ತಿರಲಿಲ್ಲ.

ಧೈರ್ಯವಾಗಿ ಮಲಗು. ಡಾಕ್ಟರಿಗೆ ಲೆಕ್ಕ ಕಲಿಸಲು ಹೋಗಬೇಡ. ನಾವಿಬ್ಬರೂ ಭಾನುವಾರದ ಮೊದಲ ಬಸ್ಸಿಗೆ ಹೊರಡುತ್ತೇವೆ. ನೂರು ವರ್ಷ ಬಾಳು ಅಂತ ಹರಸಿದರೆ ನಿನ್ನ ಕಂಪನಿಯವರು ನಗಬಹುದು, ನಗಲಿ. ನೂರು ವರ್ಷ ಬಾಳು.

ಇಂತಿ,
ನಿನ್ನ ಅಮ್ಮ

ವಿ.ಸೂ. (ಶುಕ್ರವಾರ): ಎರಡು ದಿನವಾದರೂ ಕವರು ಅಂಟಿಸಲು ಕೈ ಬರಲಿಲ್ಲ. ಯಾಕೆ ಆಗದು ಅಂತ ನೀನು ಕೇಳಿದ್ದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ನಾಲ್ಕು ವರ್ಷದವಳಿದ್ದಾಗ ನಿನಗೆ ಗಂಟಲು ಕಟ್ಟುವ ಜ್ವರ ಬಂದಿತ್ತು. ಆಸ್ಪತ್ರೆಯ ಆ ಕೋಣೆಯಲ್ಲಿ ಎರಡೇ ಮಂಚ. ಇನ್ನೊಂದರಲ್ಲಿ ನಿನ್ನ ವಯಸ್ಸಿನದೇ ಒಂದು ಹುಡುಗಿ, ಪಕ್ಕದಲ್ಲಿ ಅದರ ತಾಯಿ. ಮಧ್ಯಾಹ್ನ ನರ್ಸಮ್ಮ ಬಂದು ನಮ್ಮಿಬ್ಬರಿಗೂ ಹೇಳಿದಳು: “ಈ ಜ್ವರದಲ್ಲಿ ಅರ್ಧಕ್ಕರ್ಧ ಮಕ್ಕಳು ಉಳೀತಾವೆ ಕಣ್ರಮ್ಮ.” ಎರಡು ಮಂಚ, ಅರ್ಧ ಅಂದರೆ ಒಂದು. ಹೈಸ್ಕೂಲು ಮುಗಿಸಿದವಳು ಮಾಡಿದ ಲೆಕ್ಕ ಅದು. ಒಂದೊಂದು ಸಲ ಇಡೀ ಟ್ರೇ ಮರಿಯಾಗುವುದನ್ನು ಕಣ್ಣಾರೆ ಕಂಡವಳಿಗೆ ಆ ಹೊತ್ತಿಗೆ ಅದು ನೆನಪಾಗಲಿಲ್ಲ. ಕಿಟಕಿಯ ಕಡೆ ತಿರುಗಿ ಕೈ ಮುಗಿದೆ. ನನ್ನದನ್ನು ಬಿಡು, ಅದನ್ನು ತಗೋ ಅಂತ ಕೇಳಿದೆ. ಸಂಜೆಯೊಳಗೆ ಆ ಹುಡುಗಿ ಹೋಯಿತು. ನೀನು ಕಣ್ಣು ಬಿಟ್ಟು ನೀರು ಕೇಳಿದೆ.

ದೇವರಿಗೆ ಕಿವಿ ಇಲ್ಲ ಅಂತ ಅಮ್ಮ ಕೈ ಮುಗಿಯುವುದನ್ನು ಬಿಟ್ಟಳು ಅಂತ ನೀವೆಲ್ಲ ತಿಳಿದಿರಿ. ಕೇಳಿಸಿಬಿಟ್ಟಿತೇನೋ ಅಂತ ಬಿಟ್ಟೆ. ಅವನು ಇಲ್ಲದಿದ್ದರೆ ನಾನು ಒಂದು ಕೆಟ್ಟ ಮಾತು ಆಡಿದವಳು, ಅಷ್ಟೇ. ಇದ್ದರೆ ಕೊಂದವಳು. ಇಲ್ಲ ಅನ್ನುವುದರ ಮೇಲೆ ಪಣ ಕಟ್ಟಿದೆ. ನಿನಗಿಂತ ಮೊದಲೇ ನಾನೂ ಲೆಕ್ಕ ಹಾಕಿದ್ದೆ, ನೋಡು. ಈಗ ನಿನ್ನ ಆ ಸಾಲು ಓದಿದ ಮೇಲೆ ತಿಳಿಯಿತು, ಇಬ್ಬರೂ ಉಳಿಯಬಹುದಿತ್ತು. ಇಬ್ಬರನ್ನೂ ಉಳಿಸು ಅಂತ ಕೇಳಬಹುದಿತ್ತು. ಅದಕ್ಕೂ ಅಷ್ಟೇ ಉಸಿರು ಸಾಕಾಗುತ್ತಿತ್ತು.

ಆ ತಾಯಿ ಅಂಚೆ ಕಚೇರಿಯ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಹತ್ತಿರದ ಅಂಗಡಿ ಬಿಟ್ಟು ಅಷ್ಟು ದೂರ ಯಾಕಮ್ಮ ಬಟ್ಟೆ ಹೊಲಿಸೋಕೆ ಹೋಗ್ತೀಯ ಅಂತ ಚಿಕ್ಕಂದಿನಲ್ಲಿ ಕೇಳುತ್ತಿದ್ದೆಯಲ್ಲ. ನಿನ್ನೆ ಅಲ್ಲಿಗೆ ಹೋದೆ. ಅವಳು ಮೆಷಿನ್ ತುಳಿಯುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಅವಳು ಮೆಷಿನ್ ನಿಲ್ಲಿಸಲಿಲ್ಲ. ಹಿಡಿದ ಹೊಲಿಗೆಯನ್ನು ಕೊನೆ ಮುಟ್ಟಿಸಿ, ದಾರ ಕಡಿದು, ಆಮೇಲೆ ನನ್ನ ಮುಖ ನೋಡಿದಳು.

“ಅಕ್ಕಾ, ನೀವು ಕಿಟಕಿ ಕಡೆ ತಿರುಗಿದ್ರಿ. ನಾನು ಗೋಡೆ ಕಡೆ ತಿರುಗಿದ್ದೆ. ನಾನೇನು ಕೇಳಿದೆ ಅಂದ್ಕೊಂಡ್ರಿ?”

ಹೊಲಿದ ಬಟ್ಟೆಯನ್ನು ಅವಳು ಮಡಚಿ ಬದಿಗಿಟ್ಟಳು.

“ಅದನ್ನೇ” ಅಂದಳು. “ನಿಮ್ಮದನ್ನ ತಗೋ ಅಂತ. ಆ ನಾಚಿಕೆಗೇ ನಾನೂ ಇಷ್ಟು ವರ್ಷ ನಿಮ್ಮ ಬೀದಿಗೆ ಕಾಲಿಟ್ಟಿಲ್ಲ.”

ಒಂದೇ ಕೋಣೆ, ಒಂದೇ ಗಳಿಗೆ, ಒಂದೇ ಮಾತು. ಯಾರದು ಕೇಳಿಸಿತು, ಯಾರದು ಕೇಳಿಸಲಿಲ್ಲ, ಕೇಳಿಸಿಕೊಂಡವರು ಯಾರಾದರೂ ಇದ್ದರೋ ಇಲ್ಲವೋ, ನಿನ್ನ ಲೆಕ್ಕಕ್ಕೂ ಸಿಗದು, ನನ್ನ ಜಂಬಕ್ಕೂ ಸಿಗದು. ಆ ‘ಗೊತ್ತಿಲ್ಲ’ ಎಷ್ಟು ದೊಡ್ಡದು ಅಂತ ಆಗ ಕಂಡಿತು. ಹದಿನಾರು ಜನರ ಯಜಮಾನಿ ಆ ಅಂಗಡಿಯ ನೆಲದ ಮೇಲೆ, ಬಟ್ಟೆ ಚೂರುಗಳ ನಡುವೆ ಕೂತುಬಿಟ್ಟೆ. ಸೋಮವಾರದ ವಿಷಯ ಹೇಳಿದೆ. “ಅಯ್ಯೋ, ಮತ್ತೆ ಸುಮ್ಮನೆ ಕೂತಿದ್ದೀರಲ್ಲ!” ಅಂತ ಗದರಿಸಿ ನನ್ನ ಪಕ್ಕದಲ್ಲೇ ಕೂತಳು. ನನ್ನನ್ನು ಗದರಿಸಿದವರು ಈಚೆಗೆ ಯಾರೂ ಇರಲಿಲ್ಲ.

ಕೇಳಿದೆವು, ಗಿಣಿ. ಇಬ್ಬರೂ ಒಂದೇ ಕಡೆ ತಿರುಗಿ ಕೈ ಮುಗಿದು, ನಿನ್ನನ್ನೂ, ನಿನ್ನ ವಾರ್ಡಿನಲ್ಲಿ ಮಲಗಿದ ಅಷ್ಟೂ ಜನರನ್ನೂ ಉಳಿಸು ಅಂತ ಕೇಳಿದೆವು. ಈ ಸಲ ಯಾರ ಬದಲಿಗೂ ಯಾರನ್ನೂ ಕೊಡಲಿಲ್ಲ.