ಅಪ್ಪನ ಫೋಲ್ಡರುಗಳು

ಅಪ್ಪ,

ನೀನು ಹೋದಮೇಲೆ ನಿನ್ನ ಹಾಡುಗಳನ್ನು ಮನೆಯ ಹೊಸ ಸ್ಪೀಕರುಗಳಲ್ಲಿ ಕೇಳೋಣವೆಂದು ಸಾಫ್ಟ್‌ವೇರ್ ಹುಡುಕಿ ಹುಡುಕಿ ತಲೆ ಕೆಟ್ಟಿದೆ. ಮೊದಲನೆಯದು, ನೀನು ಜಯನಗರದ ರಾಮನವಮಿ ಪೆಂಡಾಲಿನಲ್ಲಿ ಕೂತು ರೆಕಾರ್ಡ್ ಮಾಡಿದ್ದನ್ನೆಲ್ಲ ‘ಅಪರಿಚಿತ ಗಾಯಕ’ ಎಂದು ಒಂದೇ ಕಡೆ ಸುರಿಯಿತು. ಇನ್ನೊಂದು, ತೋಡಿ ಆಲಾಪನೆಗೆ ಯಾವುದೋ ಇಂಗ್ಲಿಷ್ ಆಲ್ಬಮ್ಮಿನ ಚಿತ್ರ ಅಂಟಿಸಿತು.

“ಸರ್ಚ್ ಮಾಡಿದ್ರೆ ಸಿಗತ್ತಲ್ಲೇ, ಯಾಕೆ ಒದ್ದಾಡ್ತೀಯ?” ಎಂದು ಅಣ್ಣ ರೇಗಿದ. ಏನೆಂದು ಸರ್ಚ್ ಮಾಡಲಿ? ನೀನು ರಾಗ, ಗಾಯಕರ ಹೆಸರು ಯಾವುದನ್ನೂ ಬರೆದಿಲ್ಲ. ಫೋಲ್ಡರುಗಳ ಮೇಲೆ ಯಾವಾಗ ಹಾಕಬೇಕೆಂದಷ್ಟೇ ಬರೆದಿದ್ದೀಯ.

ಕೊನೆಗೆ ಫೋಲ್ಡರುಗಳನ್ನು ನೀನಿಟ್ಟಂತೆಯೇ ತೋರಿಸುವುದೊಂದು ಸಿಕ್ಕಿತು. ನೋಡಲು ಚೆನ್ನಾಗಿಲ್ಲ. ‘ವಾರಿಜಾ ಸಿಟ್ಟಾದಾಗ’ ಎಂಬುದನ್ನು ಅಮ್ಮ ಇವತ್ತೇ ಮೊದಲು ನೋಡಿದ್ದು.

“ಇಷ್ಟೊಂದಾ? ನಂಗೆ ಅಷ್ಟು ಸಿಟ್ಟು ಬರ್ತಿತ್ತೇನೇ?” ಎಂದು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, “ಎಲ್ಲಾನೂ ಹಾಕು” ಎಂದಳು.

ಅದರ ಕೆಳಗೆ ನನ್ನ ಹೆಸರಿನದೂ ಒಂದಿತ್ತು: ‘ಇಂಚರಾ ಜೊತೆಗೆ ಕೂತಾಗ’. ತೆರೆದರೆ ಒಳಗೆ ಒಂದು ಹಾಡೂ ಇರಲಿಲ್ಲ.

ಖಾಲಿ ಫೋಲ್ಡರನ್ನು ಅಳಿಸಲೇ ಎಂದು ಈ ಹಾಳು ಸಾಫ್ಟ್‌ವೇರ್ ತೆರೆದಾಗಲೆಲ್ಲ ಕೇಳುತ್ತದೆ. ಬೇಡ ಎಂದು ಒತ್ತುತ್ತಲೇ ಇದ್ದೇನೆ.